ಬಾಗಿಲಿಗೆ ಮುಳ್ಳು ಹಾಕೋ ಮುಂಚೆ

ಬೆಕ್ಕಿಗೇನು ಗೊತ್ತು ಪಂಚಾಂಗ. ಕಣಜದ ಹಿಂದೆ ಹೋಗಿ ಕೂತದ್ದು, ಕೂತೇಬಿಟ್ಟಿತ್ತು.

ಪರಶುರಾಮ ನೆಲಕ್ಕೆ ಕೆನ್ನೆ ಒತ್ತಿ ಮಲಗಿಕೊಂಡು ಮೊಬೈಲಿನ ಬೆಳಕು ಒಳಗೆ ಬಿಟ್ಟ. ಒಳಕೋಣೆಯ ಮೂಲೆಯಲ್ಲಿ ಕಲ್ಲು ಚಪ್ಪಡಿ ನಿಲ್ಲಿಸಿ ಕಟ್ಟಿದ ಕಣಜ. ಅದಕ್ಕೂ ಗೋಡೆಗೂ ನಡುವೆ ಒಂದು ಗೇಣು ಸಂದು. ಸಂದಿಯ ಆ ತುದಿಯಲ್ಲಿ ಎರಡು ಕಣ್ಣು ಹಸಿರಾಗಿ ಹೊಳೆದವು. ಅವನು ತೋಳು ತೂರಿಸಿದ. ತೋಳು ಭುಜದವರೆಗೆ ಹೋಗಿ ಅಲ್ಲೇ ಸಿಕ್ಕಿಕೊಂಡಿತು. ಬೆರಳ ತುದಿಗೂ ಬೆಕ್ಕಿಗೂ ಇನ್ನೂ ಒಂದು ಮೊಳ ಬಾಕಿ.

"ಬಾರೇ ಬೂದಿ. ಬಾರೇ ನಮ್ಮವ್ವ. ನಾನು ಕಣೇ, ಪರಸು."

ಬೂದಿ ಬುಸ್ ಅಂತು.

ಹೊರಗೆ ಬೇವಿನ ಮರದ ಕೆಳಗಿಂದ ದೊಡ್ಡಪ್ಪ ಯರ್ರಿಸ್ವಾಮಿ ಕೂಗಿದ. "ಲೇ ಪರಸ್ಯಾ, ಸಿಕ್ತೇನಲೇ? ಹೊತ್ತು ಇಳೀತೈತೆ!"

"ಇಳೀಲಿ ಬಿಡು," ಅಂತ ಪರಶುರಾಮ ಗೋಡೆಗೆ ಹೇಳಿದ.

ಹೊತ್ತು ಇಳಿದರೆ ಏನು ಅನ್ನೋದು ಬಿಳಿಚೋಡಿನ ಆ ಓಣಿಗೆಲ್ಲ ಗೊತ್ತಿತ್ತು. ಅವ್ವ ದುರುಗಕ್ಕ ಮೊನ್ನೆ ಸಂಜೆ ಒಲೆ ಮುಂದೆ ಎದೆ ಹಿಡಕೊಂಡು ಕೂತವಳು ಏಳಲಿಲ್ಲ. ನಿನ್ನೆ ಮಣ್ಣು ಮಾಡಿ ಬಂದರು. ಕಾಲು ತೊಳೆಯೋಕೂ ಬಿಡದೆ ಯರ್ರಿಸ್ವಾಮಿ ಹೋಗಿ ಊರಿನ ಅಯ್ಯನವರಾದ ತಿಪ್ಪೇರುದ್ರಸ್ವಾಮಿಗಳ ಪಂಚಾಂಗ ತೆಗೆಸಿದ. ಅಯ್ಯನವರು ಬೆರಳು ಮಡಚಿ, ಬಿಚ್ಚಿ, ಮತ್ತೆ ಮಡಚಿ, ಜೀವ ಹೋದ ನಕ್ಷತ್ರ ಸರಿಯಿಲ್ಲ ಅಂದರು. ಮನೆ ಬಿಡಬೇಕು. ಬೀಗ ಹಾಕಿ, ಬಾಗಿಲಿಗೆ ಮುಳ್ಳು ಎಳೆದು, ಮೂರು ತಿಂಗಳು ಆ ಕಡೆ ಕಾಲಿಡಂಗಿಲ್ಲ. ಹಾಕಿದ ಮುಳ್ಳು ನಡುವೆ ತೆಗೆದರೆ ಸತ್ತೋರು ಹಿಂದಕ್ಕೆ ತಿರುಗಿ ನೋಡ್ತಾರೆ, ನೋಡಿ ಮನೆಯವರಲ್ಲಿ ಒಬ್ಬರನ್ನ ಜೊತೆಗೆ ಕರಕೊಂಡು ಹೋಗ್ತಾರೆ ಅಂತ ನಂಬಿಕೆ. ನಾಳೆ ದೀಪ ಹಚ್ಚೋದ್ರೊಳಗೆ ಮುಗಿಸಿಬಿಡ್ರಿ ಅಂದಿದ್ದರು. ಆ ನಾಳೆಯೇ ಇವತ್ತು.

ಅವ್ವ ಅಂಥವಳಾ? ಪರಶುರಾಮನಿಗೆ ಮೈಯೆಲ್ಲ ಉರಿಯುತ್ತಿತ್ತು. ಅಪ್ಪ ಹೋದ ಮೇಲೆ ಇವನು ಒಂಬತ್ತನೇ ಕ್ಲಾಸಿಗೆ ಶರಣು ಹೊಡೆದು ಟ್ರ್ಯಾಕ್ಟರ್ ಹತ್ತಿದಾಗ, ಒಬ್ಬಳೇ ಕೂತು ಅತ್ತವಳು. ಅವರಿವರ ಹೊಲದಲ್ಲಿ ಶೇಂಗಾ ಬಿಡಿಸಿ ಮಗಳ ಮದುವೆ ಮಾಡಿದವಳು. ಸತ್ತ ಮಾರನೇ ದಿನಕ್ಕೆ ಅವಳು ದೆವ್ವ ಆಗಿಬಿಟ್ಟಳಾ ಇವರಿಗೆ? ಆದರೆ ಇದನ್ನು ಜೋರಾಗಿ ಕೇಳೋಕೆ ಅವನಿಗೆ ಬಾಯಿ ಬರುತ್ತಿರಲಿಲ್ಲ. ಹೊರಗೆ ಕಟ್ಟೆ ಮೇಲೆ ಅಕ್ಕ ನಾಗರತ್ನ ಕೂತಿದ್ದಳು. ಹೆರಿಗೆಗೆ ಅಂತ ತವರಿಗೆ ಬಂದವಳು, ದಿನ ತುಂಬಿಕೊಂಡವಳು. ಹೋದ ವರ್ಷ ಒಂದು ಹೊಟ್ಟೆಯಲ್ಲೇ ಹೋಗಿತ್ತು. "ಒಬ್ಬರನ್ನ ಕರಕೊಂಡು ಹೋಗ್ತಾರೆ" ಅಂತ ಅಯ್ಯನವರು ಅಂದಾಗ ಅಲ್ಲಿದ್ದ ಹೆಂಗಸರೆಲ್ಲ ಒಟ್ಟಿಗೆ ಅವಳ ಹೊಟ್ಟೆ ನೋಡಿದ್ದರು. ಅವಳೂ ನೋಡಿಕೊಂಡಿದ್ದಳು.

ಹಂಗಾಗಿ ಅವನು ಪಾತ್ರೆ ಪಡಗ, ಹಾಸಿಗೆ, ಗ್ಯಾಸ್ ಸಿಲಿಂಡರ್, ಅವ್ವನ ಟ್ರಂಕು ಎಲ್ಲ ಟ್ರೈಲರಿಗೆ ಏರಿಸಿದ. ಜಗಳೂರು ರಸ್ತೆಯಲ್ಲಿ ದೊಡ್ಡಪ್ಪನ ಹೊಲದ ಮನೆ ಇತ್ತು, ಅಲ್ಲಿಗೆ ಹೋಗೋದು ಅಂತ ಆಯಿತು. ಮಾಳಿಗೆ ಮೇಲಿನ ಬೆಳಕಿಂಡಿಗೆ ಚಪ್ಪಡಿ ಎಳೆದರು. ಕಿಟಕಿ ಬಡಿದರು. ಎಲ್ಲ ಆದ ಮೇಲೆ ನೋಡಿದರೆ ಬೆಕ್ಕಿಲ್ಲ.

ಅದಾದರೂ ಯಾಕೆ ಹೊರಗೆ ಬಂದೀತು? ಹೆಣ ಇಟ್ಟ ರಾತ್ರಿ ಅದು ಮಾಡಿದ ತಪ್ಪು ಇಷ್ಟೇ. ದಿನಾ ಮಲಗೋ ಹಂಗೆ ಅವ್ವನ ಎದೆ ಮೇಲೆ ಮಲಗೋಕೆ ಬಂತು. ಹೆಣವನ್ನ ಬೆಕ್ಕು ದಾಟಿದರೆ ಕೆಟ್ಟದ್ದು ಅಂತ ಹೆಂಗಸರು ಹೋ ಅಂತ ಎದ್ದರು. ಒಬ್ಬಳು ಪೊರಕೆ ತಗೊಂಡಳು, ಒಬ್ಬ ಕೋಲು ಬೀಸಿದ. ಏಟು ಹಿಂಗಾಲಿಗೆ ಬಿತ್ತು. ಮತ್ತೆ ಬಂತು. ಆಮೇಲೆ ಹಿಡಿದು ಮಂಕರಿ ಕೆಳಗೆ ಕವುಚಿ ಹಾಕಿ, ಮೇಲೆ ಗುಂಡುಕಲ್ಲು ಹೇರಿದರು. ಮಂಕರಿ ಇಟ್ಟದ್ದು ಎಲ್ಲಿ? ತಮಟೆಯವರು ಕೂತಿದ್ದ ಜಗಲಿ ಮೇಲೆ, ಅವರ ಮಗ್ಗುಲಲ್ಲೇ. ಬೆಳಗಿನ ತನಕ ತಮಟೆ. ಬೆಳಗಾದ ಮೇಲೆ ಯಾರೋ ನೆನಪಾಗಿ ಮಂಕರಿ ಎತ್ತಿದರೆ ಒಂದು ಬೂದು ಗೆರೆ ಎಳೆದಂಗೆ ಒಳಕ್ಕೆ ಓಡಿತು. ಆಗಿಂದ ಅದರ ಹೊಟ್ಟೆಗೆ ಏನೂ ಇಲ್ಲ.

ಪರಶುರಾಮ ಎದ್ದು ಹೊರಗೆ ಬಂದ. ಅಂಗಿಯೆಲ್ಲ ಧೂಳು.

"ಹಾಲಿಟ್ಟೆ, ಮೂಸಲ್ಲ. ಒಣಮೀನು ತರ್ತೀನಿ," ಅಂದ.

ಯರ್ರಿಸ್ವಾಮಿ ಬೀಡಿ ಬಾಯಿಂದ ತೆಗೆದ. "ಸೂತಕದ ಮನೆಗೆ ಮೀನು ತರ್ತೀಯೇನಲೇ? ನಿಮ್ಮವ್ವನ ಹಾಲು-ತುಪ್ಪ ಕೂಡ ಆಗಿಲ್ಲ."

"ನಾನು ತಿನ್ನಾಕಲ್ಲ, ಬೆಕ್ಕಿಗೆ."

"ಬೆಕ್ಕಿಗೂ ಸೂತಕ ಐತೆ."

"ಬೆಕ್ಕಿಗೆ ಸೂತಕ ಐತೆ ಅಂದ್ರೆ ಅದೂ ಮನೆಯೋರ ಪೈಕಿ ಆತಲ್ಲ ದೊಡ್ಡಪ್ಪ? ಮತ್ತೆ ಮನೆಯೋರನ್ನ ಒಳಗಿಟ್ಟು ಬೀಗ ಹಾಕ್ತೀರೇನು?"

ಪಕ್ಕದ ಮನೆ ಅಂತರಘಟ್ಟಮ್ಮ ಸೆರಗು ಬಾಯಿಗೆ ಇಟ್ಟುಕೊಂಡಳು. ಸಾವಿನ ಮನೆ ಮುಂದೆ ನಗಬಾರದು ಅಂತ ಅವಳಿಗೆ ಗೊತ್ತಿತ್ತು, ಆದರೂ ತಡಕೊಳ್ಳೋಕೆ ಆಗಲಿಲ್ಲ. "ಓದಿದ್ದರೆ ಲಾಯರ್ ಆಗಿರ್ತಿದ್ದ ಇವನು."

"ಓದಿಸಿದ್ರೆ ಆಗ್ತಿದ್ದೆ," ಅಂದು ಪರಶುರಾಮ ಅಂಗಡಿ ಕಡೆ ನಡೆದೇಬಿಟ್ಟ.

ಮೀನು ತಂದ. ಕಡ್ಡಿಗೆ ಕಟ್ಟಿ ಸಂದಿಯೊಳಗೆ ತೂರಿಸಿದ. ಬೂದಿ ಕಡ್ಡಿ ಕಂಡಿತೇ ಹೊರತು ಮೀನು ಕಾಣಲಿಲ್ಲ. ಕಡ್ಡಿ ಅಂದರೆ ಅದಕ್ಕೀಗ ಕೋಲು. ಕೋಲು ಅಂದರೆ ಹಿಂಗಾಲು. ಇನ್ನೂ ಮುದುರಿಕೊಂಡಿತು. ಅವನು ಕಡ್ಡಿ ಎಳೆದುಕೊಂಡ, ಮೀನು ಕೈಯಲ್ಲಿ ಹಿಡಿದ, ಸುಮ್ಮನೆ ಮಲಗಿದ. ಉಸಿರು ಕೂಡ ಮೆಲ್ಲಗೆ ಬಿಟ್ಟ. ಆ ಕೋಣೆಯಲ್ಲಿ ಅವ್ವನ ಎಣ್ಣೆ ತಲೆಯ ವಾಸನೆ ಇನ್ನೂ ಹಂಗೇ ಇತ್ತು. ಎಷ್ಟೋ ಹೊತ್ತಿಗೆ ಸಂದಿಯೊಳಗೆ ಸಣ್ಣಗೆ ಏನೋ ಸರಿದಂಗಾಯಿತು. ಮುಂಗಾಲು ಒಂದು ಹೆಜ್ಜೆ ಮುಂದೆ. ಮೂಗು ಮೇಲೆತ್ತಿತು. ಇನ್ನೊಂದು ಹೆಜ್ಜೆ. ಹಿಂಗಾಲು ಎಳೆಯುತ್ತಿತ್ತು.

ಬಾ. ಬಾ. ಅವನು ಬಾಯಿ ಬಿಡಲಿಲ್ಲ, ಮನಸ್ಸಲ್ಲೇ ಕರೆದ.

ಅಷ್ಟರಲ್ಲಿ ಢಂ ಅಂತು.

ಯರ್ರಿಸ್ವಾಮಿ ಎಣ್ಣೆ ಡಬ್ಬ ಒಂದು ಹಿಡಕೊಂಡು ಒಳಕ್ಕೆ ಬಂದಿದ್ದ. ಹಿಂದೆ ದಾಯಾದಿ ಅಣ್ತಮ್ಮಂದಿರು ಇಬ್ಬರು, ಕೈಯಲ್ಲಿ ತಟ್ಟೆ, ಸೌಟು. ಮೆಕ್ಕೆಜೋಳಕ್ಕೆ ಹಂದಿ ನುಗ್ಗಿದರೆ ಇವರು ಮಾಡೋದೇ ಇದು. ಹೊಲದ ಒಂದು ಬದಿ ಬಿಟ್ಟು ಮಿಕ್ಕ ಮೂರು ಬದಿಯಿಂದ ಡಬ್ಬ ಬಡೀತಾರೆ, ಹಂದಿ ಖಾಲಿ ಬದಿಯಿಂದ ಓಡಿಹೋಗ್ತದೆ. ದೊಡ್ಡಪ್ಪನ ಲೆಕ್ಕದಲ್ಲಿ ಬೆಕ್ಕೂ ಒಂದು ಸಣ್ಣ ಹಂದಿ.

"ನೀನು ಸಂದಿ ಬಾಯಿಂದ ಸರಿಯಲೇ ಪರಸ್ಯಾ! ದಾರಿ ಬಿಡು! ಈಗ ನೋಡು ಹೆಂಗೆ ಓಡಿ ಬರ್ತೈತೆ!"

"ದೊಡ್ಡಪ್ಪಾ ಬ್ಯಾಡ, ಬರ್ತಿತ್ತು, ಈಗ ಬರ್ತಿತ್ತು..."

ಕೇಳೋರು ಯಾರು? ಢಂ ಢಂ ಢಂ. ಒಳಕೋಣೆಯ ಗೋಡೆಗೆ ಸದ್ದು ಬಡಿದು ತಿರುಗಿ ಬಂತು. ಸಂದಿಯಲ್ಲಿ ಬೂದಿ ಬಂದಷ್ಟೂ ಹಿಂದೆ ಹೋಯಿತು, ಮೂಲೆಗೆ ಹೋಯಿತು, ಅಲ್ಲಿ ಒಡೆದ ಚಪ್ಪಡಿಯ ಬುಡದಲ್ಲಿ ಇಲಿ ತೋಡಿದ ಒಂದು ಬಿಲ ಇತ್ತು, ಮೈಯೆಲ್ಲ ಸಣ್ಣ ಮಾಡಿಕೊಂಡು ಅದರೊಳಗೆ ಇಳಿದುಹೋಯಿತು. ಕಣಜದ ಅಡಿಗೆ. ಈಗ ಕಣ್ಣೂ ಇಲ್ಲ.

ಪರಶುರಾಮ ಎದ್ದ. ದೊಡ್ಡಪ್ಪನ ಕೈಯಿಂದ ಡಬ್ಬ ಕಿತ್ತುಕೊಂಡು ಅಂಗಳಕ್ಕೆ ಬೀಸಿ ಒಗೆದ. ಅದು ಟ್ರ್ಯಾಕ್ಟರಿನ ಚಕ್ರಕ್ಕೆ ಬಡಿದು ಉರುಳಿತು.

"ನಿಮಗೆ ಬಡಿಯೋದು ಬಿಟ್ಟು ಬೇರೆ ಏನೂ ಬರಲ್ವೇನ್ರಿ? ಸತ್ರೂ ಬಡೀತೀರಿ, ಬದುಕಿದ್ರೂ ಬಡೀತೀರಿ!"

"ಲೇ, ಯಾರ ಮುಂದೆ ಕೈ ಎತ್ತುತೀಯ? ನಿಮ್ಮಪ್ಪಗಿಂತ ದೊಡ್ಡೋನು ನಾನು."

"ದೊಡ್ಡೋರಾದ್ರೆ ಬೆಕ್ಕು ತಗೀರಿ. ತಗೀರಿ ನೋಡೋಣ."

ಯರ್ರಿಸ್ವಾಮಿ ಸಂದಿಯ ಕಡೆ ಬಗ್ಗಿ ನೋಡಿದ. ಬಗ್ಗಿದವನು ಸೊಂಟ ಹಿಡಕೊಂಡು ಎದ್ದ. ಅವನ ಮುಖದಲ್ಲಿ ಸಿಟ್ಟು ಇಳಿದು ಬೇರೆ ಏನೋ ಬಂದಿತ್ತು. "ಇಲಿ ಐತೆ ಬಿಡಲೇ ಮನೇಲಿ. ಹಿಡಕೊಂಡು ಬದುಕ್ತದೆ."

"ನೀರು? ಇಲಿ ಹಿಂಡಿ ನೀರು ಕುಡೀತದಾ?"

ಯರ್ರಿಸ್ವಾಮಿ ಹೊರಗೆ ಹೋಗಿ ಮತ್ತೆ ಬೀಡಿ ಹಚ್ಚಿದ.

ಪರಶುರಾಮ ಟ್ರೈಲರಿನಿಂದ ಹಾರೆ ತಂದ. ಚಪ್ಪಡಿಯ ಬುಡಕ್ಕೆ ಹಾರೆ ಕೊಟ್ಟು ಮೀಟಿದರೆ ಕಣಜ ಬಿಚ್ಚಿಕೊಳ್ತದೆ ಅಂತ ಅವನ ಅಂದಾಜು. ಹಾರೆ ಕೊಟ್ಟ. ಮೀಟಿದ. ಚಪ್ಪಡಿ ಕಿರುಗುಟ್ಟಿತು, ಮೇಲಿಂದ ಜೋಳ ಜರ್ರನೆ ಸುರಿಯಿತು. ಆಮೇಲೆ ಅವನ ಕೈ ತಾನೇ ನಿಂತಿತು. ಒಳಗೆ ತುಂಬಿದ ಜೋಳ, ಮೇಲೆ ಅಷ್ಟು ದಪ್ಪ ಕಲ್ಲು. ಬಿಚ್ಚಿದರೆ ಎಲ್ಲ ಕುಸಿಯೋದು ಎಲ್ಲಿಗೆ? ಅಡಿಗೆ. ಅಡಿಯಲ್ಲಿ ಯಾರಿದ್ದಾರೆ?

ಹಾರೆ ಹಿಡಕೊಂಡೇ ಅವನು ಜೋಳದ ಮೇಲೆ ಕುಕ್ಕರುಗಾಲಲ್ಲಿ ಕೂತ. ಟ್ರ್ಯಾಕ್ಟರ್ ಕೆಟ್ಟರೆ ಅವನಿಗೆ ಗೊತ್ತು, ಎಲ್ಲಿ ಬಿಚ್ಚಬೇಕು, ಯಾವ ನಟ್ಟು ತಿರುಗಿಸಬೇಕು. ಜಗಳ ಬಂದರೆ ಗೊತ್ತು, ಯಾರ ಕಾಲರಿಗೆ ಕೈ ಹಾಕಬೇಕು. ಇಲ್ಲಿ ಬಿಚ್ಚೋಕೆ ನಟ್ಟಿಲ್ಲ, ಹಿಡಿಯೋಕೆ ಕಾಲರಿಲ್ಲ. ಒಂದು ಮುಷ್ಟಿ ಬೆಕ್ಕು. ಅದಕ್ಕೆ ಅವನು ಒಳ್ಳೆಯವನು ಅಂತ ಹೇಳೋದು ಹೆಂಗೆ? ಕೈ ಚಾಚಿದರೆ ಏಟು ಅಂದುಕೊಳ್ತದೆ, ಕರೆದರೆ ಬೈಗುಳ ಅಂದುಕೊಳ್ತದೆ.

ಬಾಗಿಲಲ್ಲಿ ನೆರಳು ಬಿತ್ತು. ನಾಗರತ್ನ ಚೌಕಟ್ಟು ಹಿಡಕೊಂಡು ನಿಂತಿದ್ದಳು. ಒಳಗೆ ಬರಲಿಲ್ಲ.

"ಸಿಗಲಿಲ್ಲೇನೋ?"

"ಇನ್ನೊಂದು ದಿನ ಬಿಡಕ್ಕ. ಇವತ್ತೊಂದು ರಾತ್ರಿ ಬಾಗಿಲು ತಗದು ಇಟ್ರೆ ತಾನೇ ಬರ್ತೈತೆ. ನಾನು ಹೊರಗೆ ಕಾಯ್ತೀನಿ. ನೀನು ಹೋಗು, ಹೊಲದ ಮನೇಲಿರು."

ಅಂಗಳದಲ್ಲಿ ಯಾರೋ ಜಾಲಿ ಮುಳ್ಳಿನ ಹೊರೆ ಎಳೆದುಕೊಂಡು ಬಂದ ಸದ್ದು, ಮಣ್ಣಿಗೆ ಗೀರಿದಂಗೆ.

"ಪರಸು, ನಾನೇನೂ ನಂಬಲ್ಲ ಅಂತ ಹೇಳ್ಕೊಂಡೇ ಹೋದ ವರ್ಷ ಇದ್ದೆ," ಅಂದಳು. "ಗ್ರಹಣದ ದಿನ ಹೊರಗೆ ಬಂದೆ. ಅದಕ್ಕೇ ಹಂಗಾತು ಅಂತ ನಾನು ಹೇಳಲ್ಲ. ಡಾಕ್ಟರೂ ಹೇಳಲಿಲ್ಲ. ಆದ್ರೆ ರಾತ್ರಿ ಮಲಗಿದ್ರೆ ಬರೋದು ಅದೇ ನೆನಪು. ನನಗೆ ಇನ್ನೊಂದು ಅಂಥದ್ದು ಕೊಡಬ್ಯಾಡಪ್ಪ."

ದೊಡ್ಡಪ್ಪನ ಮೇಲೆ ಕೂಗಬಹುದಿತ್ತು. ಅಯ್ಯನವರ ಪಂಚಾಂಗ ಹರಿದು ಒಲೆಗೆ ಹಾಕಬಹುದಿತ್ತು. ಅಕ್ಕನ ಈ ಮಾತಿಗೆ ಅವನು ಏನು ಮಾಡಬೇಕು? ಹಾಲಿನ ತಟ್ಟೆಯನ್ನ ಸಂದಿಯ ಬಾಯಿಗೆ ಸರಿಸಿದ, ಮೀನು ಅದರ ಪಕ್ಕ ಇಟ್ಟ. ಒಂದು ಚೊಂಬು ನೀರು ಬೋಗುಣಿಗೆ ಸುರಿದ. ಬೋಗುಣಿ ವಾಲಿ ಅರ್ಧ ನೆಲಕ್ಕೆ ಹೋಯಿತು. ಇನ್ನೊಂದು ಚೊಂಬು ತರೋಣ ಅಂದರೆ ಕೊಡ ಆಗಲೇ ಖಾಲಿಯಾಗಿ ಟ್ರೈಲರಿನಲ್ಲಿತ್ತು.

ಎಲ್ಲರೂ ಹೊರಗೆ ಬಂದರು. ತಿಪ್ಪೇರುದ್ರಸ್ವಾಮಿಗಳು ಹೊಸ್ತಿಲಿಗೆ ನೀರು ಚಿಮುಕಿಸಿದರು. ಯರ್ರಿಸ್ವಾಮಿ ಬೀಗ ಜಡಿದು ಕೀಲಿಯನ್ನ ಸೆರಗಿಗೆ ಕಟ್ಟಿಕೋ ಅಂತ ನಾಗರತ್ನಳಿಗೆ ಕೊಟ್ಟ. ಜಾಲಿ ಮುಳ್ಳಿನ ಕೊಂಬೆ ಒಂದರ ಮೇಲೊಂದು ಬಾಗಿಲಿಗೆ ಒರಗಿದವು. ಡಬ್ಬ ಇಲ್ಲ, ಕೂಗಾಟ ಇಲ್ಲ. ಮೂರು ದಿನದಿಂದ ಜನ ತುಂಬಿ ಗಿಜಿಗುಟ್ಟಿದ್ದ ಮನೆ ಮೊದಲ ಸಲ ಸುಮ್ಮನಾಯಿತು.

ಆಗ ಒಳಗಿಂದ ಕೇಳಿಸಿತು. ಸಣ್ಣಗೆ. ಮಿಯಾಂವ್.

ಮತ್ತೆ ಕೇಳಿಸಿತು, ಈಗ ಹತ್ತಿರದಿಂದ. ನಡುಮನೆಯಿಂದ. ಆಮೇಲೆ ಬಾಗಿಲ ಹಿಂದಿನಿಂದಲೇ. ಹಲಗೆ ಕೆರೆಯೋ ಸದ್ದು. ಬಾಗಿಲ ಬುಡವನ್ನ ಗೆದ್ದಲು ತಿಂದು ಎರಡು ಬೆರಳಷ್ಟು ಸಂದು ಬಿದ್ದಿತ್ತು. ಆ ಸಂದಿಯಿಂದ ಒಂದು ಬೂದು ಬಣ್ಣದ ಪಂಜ ಹೊರಗೆ ಬಂತು. ಮುಳ್ಳನ್ನ ಮುಟ್ಟಿತು, ಒಳಕ್ಕೆ ಹೋಯಿತು, ಮತ್ತೆ ಬಂತು.

ಇಷ್ಟೇ ಆಗಿತ್ತು ಅದಕ್ಕೆ ಬೇಕಿದ್ದದ್ದು. ಎಲ್ಲರೂ ತೊಲಗಬೇಕಿತ್ತು.

ಪರಶುರಾಮ ಮೊದಲ ಕೊಂಬೆಗೆ ಕೈ ಹಾಕಿದ.

"ತಮ್ಮಾ!" ಅಂದರು ಅಯ್ಯನವರು. "ಹಾಕಿದ್ದು ತಗೀಬಾರದಪ್ಪ."

"ಮೂರು ತಿಂಗಳು ಇದು ಅಳ್ತಾ ಇರ್ಲಿ ಅಂತೀರಾ? ಓಣಿಯೋರು ಕೇಳ್ತಾ ಮಲಗ್ತೀರಾ?"

ಅಂತರಘಟ್ಟಮ್ಮ ಮುಖ ತಿರುಗಿಸಿದಳು. ಅವಳ ಮನೆ ಗೋಡೆ ಈ ಮನೆ ಗೋಡೆಗೇ ಅಂಟಿಕೊಂಡಿತ್ತು.

ನಾಗರತ್ನ ಮುಂದೆ ಬಂದಳು. ಬೆಕ್ಕಿನ ಪಂಜ ನೋಡಿದಳು. ಸೆರಗಿನ ಗಂಟು ಬಿಚ್ಚಿ ಕೀಲಿಯನ್ನ ತಮ್ಮನ ಅಂಗೈಯಲ್ಲಿಟ್ಟಳು.

"ತಗಿ. ನಾನು ಬ್ಯಾಡ ಅನ್ನಲ್ಲ," ಅಂದಳು. "ಏನೂ ಆಗಲ್ಲ ಅಂತ ನೀನೊಂದು ಮಾತು ಹೇಳು, ಸಾಕು. ನನ್ನ ಕಣ್ಣು ನೋಡಿ ಹೇಳು."

ಏನೂ ಆಗಲ್ಲ. ಎರಡೇ ಮಾತು. ಅವನು ಬಾಯಿ ತೆರೆದ. ಮೊನ್ನೆ ಮಧ್ಯಾಹ್ನ ಅವ್ವ ಫೋನ್ ಮಾಡಿ, ಯಾಕೋ ಎದೆ ಹಿಡಿದಂಗೆ ಐತೆ ಅಂದಾಗಲೂ ಅವನು ಅದೇ ಹೇಳಿದ್ದ, ಟ್ರ್ಯಾಕ್ಟರಿನ ಸದ್ದಿನ ನಡುವೆ, ಏನೂ ಆಗಲ್ಲ ಬಿಡವ್ವ ಗ್ಯಾಸು ಅಂತ. ಅದೇ ಮಾತನ್ನ ಅಕ್ಕನಿಗೂ ಹೆಂಗೆ ಹೇಳೋದು? ಕೀಲಿ ಅಂಗೈಯಲ್ಲಿ ಬಿಸಿಯಾಯಿತು. ಅವನು ಅದನ್ನ ಅಕ್ಕನ ಕೈಗೆ ವಾಪಸ್ ಇಟ್ಟ.

ಇಟ್ಟು, ಮುಳ್ಳಿನ ಮುಂದೆ ಮಣ್ಣಲ್ಲಿ ಬೋರಲು ಮಲಗಿದ. "ಹಾಲು ಕೊಡ್ರಿ ಯಾರಾದ್ರೂ."

ಅಂತರಘಟ್ಟಮ್ಮ ಓಡಿಹೋಗಿ ತಂದಳು. ರಾಗಿ ಡಬ್ಬದ ಚಪ್ಪಟೆ ಮುಚ್ಚಳದಲ್ಲಿ ಸುರಿದರು. ತೋಳು ಕೊಂಬೆಗಳ ಅಡಿಗೆ ತೂರಿಸಿದಾಗ ಮುಳ್ಳು ಮೊಣಕೈಯಿಂದ ಭುಜದ ತನಕ ಗೀರಿತು. ನಾಗರತ್ನ ಒಂದು ಕೈ ಸೊಂಟಕ್ಕೆ ಕೊಟ್ಟು ಕಷ್ಟಪಟ್ಟು ಬಗ್ಗಿದಳು, ಸೆರಗು ಸುತ್ತಿದ ಇನ್ನೊಂದು ಕೈಯಿಂದ ಕೊಂಬೆಯ ತುದಿ ಹಿಡಿದಳು.

"ಏಯ್ ರತ್ನಿ," ಅಂದ ಯರ್ರಿಸ್ವಾಮಿ.

"ತಗದಿಲ್ಲ ದೊಡ್ಡಪ್ಪ. ಬರೀ ಎತ್ತಿ ಹಿಡದೀನಿ."

ಯರ್ರಿಸ್ವಾಮಿ ಅಯ್ಯನವರ ಮುಖ ನೋಡಿದ. ಅಯ್ಯನವರು ಆಕಾಶ ನೋಡಿದರು.

ಮುಚ್ಚಳ ಹೊಸ್ತಿಲ ಮೇಲೆ ಏರಿತು, ಹಲಗೆಯ ಅಡಿಗೆ ಸರಿಯಿತು. ಅರ್ಧ ಹಾಲು ಮಣ್ಣಿಗೆ ಚೆಲ್ಲಿತ್ತು. ಪರಶುರಾಮನ ಬೆರಳಿಗೆ ಮೆತ್ತಗೆ ಏನೋ ತಗಲಿತು. ಕೂದಲು. ಬೆಚ್ಚಗಿತ್ತು. ಅವನಿಗೆ ತಡಕೊಳ್ಳೋಕೆ ಆಗಲಿಲ್ಲ.

"ಬೂದೀ," ಅಂದ.

ಒಳಗೆ ಉಗುರು ನೆಲಕ್ಕೆ ಕೆರೆದ ಸದ್ದು, ಓಡಿದ ಸದ್ದು, ಆಮೇಲೆ ಏನೂ ಇಲ್ಲ.

ಅವನು ಹಂಗೇ ಮಲಗಿದ್ದ. ಒಂದು ಹೆಸರು ಕರೆದಿದ್ದಷ್ಟೇ. ಕೈಯಿಂದ ರಕ್ತ ಇಳಿದು ಮಣ್ಣಲ್ಲಿ ಹಾಲಿನ ಜೊತೆ ಸೇರುತ್ತಿತ್ತು. ನಾಗರತ್ನ ಕೊಂಬೆ ಮೆಲ್ಲಗೆ ಇಳಿಸಿದಳು. "ಏಳು," ಅಂದಳು ಪಿಸುಮಾತಲ್ಲಿ. "ನಾವು ಇರೋ ತನಕ ಅದು ಬರಲ್ಲ."

ಎದ್ದು ಟ್ರ್ಯಾಕ್ಟರ್ ಹತ್ತಿದ. ನಾಳೆ ಬರಬೇಕು. ನಾಳಿದ್ದೂ ಬರಬೇಕು. ಬಂದು, ಹಾಲಿಟ್ಟು, ಕಳ್ಳನ ಹಂಗೆ ಓಡಿಹೋಗಬೇಕು. ಕುಡೀತೋ ಇಲ್ಲವೋ ನೋಡೋ ಹಂಗಿಲ್ಲ. ಕೈ ಅಭ್ಯಾಸದ ಮೇಲೆ ಟ್ರ್ಯಾಕ್ಟರಿನ ಕೀಲಿ ತಿರುಗಿಸೋಕೆ ಹೋಯಿತು, ಹೋಗಿ ನಿಂತಿತು. ಎಂಜಿನ್ ಒಂದು ಸಲ ಗುಡುಗಿದರೆ ಬೂದಿ ಮತ್ತೆ ಕಣಜದ ಅಡಿಗೆ ಹೋಗ್ತದೆ, ನಾಳೆ ತನಕ ತಲೆ ಹಾಕಲ್ಲ. ಓಣಿ ಮೇನ್ ರೋಡಿನ ತನಕ ಇಳಿಜಾರು. ಗೇರು ನ್ಯೂಟ್ರಲ್ಲಿಗೆ ಎಳೆದ. ಹಿಂದೆ ತಿರುಗಿ, ತಳ್ಳಿ ಅಂತ ಕೈ ಮಾಡಿದ.

ಮೊದಲು ಯಾರಿಗೂ ತಿಳಿಯಲಿಲ್ಲ. ಆಮೇಲೆ ಯರ್ರಿಸ್ವಾಮಿ ಬೀಡಿ ಒಗೆದು ಟ್ರೈಲರಿಗೆ ಹೆಗಲು ಕೊಟ್ಟ. ಅಣ್ತಮ್ಮಂದಿರು ಬಂದರು. ಅಂತರಘಟ್ಟಮ್ಮ ಪಾತ್ರೆಗಳು ಗಲಗಲ ಅನ್ನದಂಗೆ ಒಂದು ಕೈಯಲ್ಲಿ ಕೊಡ ಒತ್ತಿ ಹಿಡಿದು, ಇನ್ನೊಂದರಲ್ಲಿ ತಳ್ಳಿದಳು. ಅಯ್ಯನವರೂ ಶಲ್ಯ ಹೆಗಲಿಗೆ ಏರಿಸಿ ಒಂದು ಕೈ ಹಚ್ಚಿದರು. ಯಾರೂ "ಹೈಸಾ" ಅನ್ನಲಿಲ್ಲ. ಚಕ್ರ ಒಂದು ಸುತ್ತು ಉರುಳಿತು, ಆಮೇಲೆ ತಾನೇ ಇಳಿಯತೊಡಗಿತು.

ಪರಶುರಾಮ ಬ್ರೇಕಿನ ಮೇಲೆ ಕಾಲಿಟ್ಟು, ಗೀರಿದ ಕೈಯಲ್ಲಿ ಸ್ಟೇರಿಂಗ್ ಹಿಡಿದು, ಕಿವಿಯೆಲ್ಲ ಹಿಂದೆ ಇಟ್ಟುಕೊಂಡು ಇಳಿದ. ಏನೂ ಕೇಳಿಸಲಿಲ್ಲ. ಕುಡೀತಿರಬಹುದು. ಕುಡೀದೇ ಇರಬಹುದು. ಓಣಿಯ ತಿರುವು ಬಂತು, ಅವನು ಮುಂದೆ ನೋಡಲೇಬೇಕಾಯಿತು.